ಆ್ಯಪ್ ಕಟ್ಟುವಾಗ ಅಂಗವಿಕಲರನ್ನೂ ಹಿರಿಯರನ್ನೂ ಜೊತೆಗೆ ಕೂರಿಸಿಕೊಳ್ಳುವುದು ಹೇಗೆ?

"ಆ್ಯಪ್ ರೆಡಿ ಇದೆ, ಮುಂದಿನ ವಾರ ಬಿಡುಗಡೆ. ಕಣ್ಣು ಕಾಣದವರು ಯಾರಾದರೂ ಒಂದು ಸಲ ನೋಡಿ ಹೇಳಿದರೆ ಚೆನ್ನಾಗಿತ್ತು. ನಿಮಗೆ ಯಾರಾದರೂ ಗೊತ್ತಾ?"

ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೆಲವರು "ವಯಸ್ಸಾದವರು ಒಬ್ಬಿಬ್ಬರಿದ್ದರೂ ಸಾಕು" ಅನ್ನುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಮಾತು. ಅವರು ಬಂದು "ಹಣ ಕಟ್ಟುವ ಪುಟ ನನ್ನಿಂದ ದಾಟೋಕೆ ಆಗಲಿಲ್ಲ" ಅಂದರೆ ಬಿಡುಗಡೆ ಮುಂದಕ್ಕೆ ಹಾಕುತ್ತೀರಾ? ಅಲ್ಲಿಗೆ ಮಾತು ನಿಂತುಹೋಗುತ್ತದೆ.

ಮುಂದಕ್ಕೆ ಹಾಕಲು ಆಗದಿದ್ದರೆ ಅವರನ್ನು ಕರೆಸುವುದು ಸುಮ್ನೆ ಠಸ್ಸೆ ಹೊಡೆಸಿಕೊಳ್ಳಲು ಅಷ್ಟೆ. ಬದಲಾಯಿಸಲು ಇನ್ನೂ ಜಾಗ ಇರುವಾಗ ಕರೆಯಬೇಕು. ಅದನ್ನು ಹೇಗೆ ಮಾಡುವುದು ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮುಂದೆ ಪದೇ ಪದೇ ಬರುವ ಮೂರು ಪದಗಳನ್ನು ಈಗಲೇ ನೋಡಿಬಿಡೋಣ. ಆಕ್ಸೆಸಿಬಿಲಿಟಿ ಅಂದರೆ ಕಣ್ಣು, ಕಿವಿ, ಕೈ, ನೆನಪು ಯಾವುದರಲ್ಲಿ ತೊಂದರೆ ಇದ್ದವರಿಗೂ ನಿಮ್ಮ ಸೇವೆ ಬಳಸಲು ಬರುವ ಹಾಗಿರುವುದು. ಸ್ಕ್ರೀನ್ ರೀಡರ್ ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್. ವಿಂಡೋಸ್‌ಗೆ ಉಚಿತವಾಗಿ ಸಿಗುವ ಎನ್‌ವಿಡಿಎ, ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್, ಐಫೋನ್‌ನ ವಾಯ್ಸ್‌ಓವರ್ ಎಲ್ಲ ಇದೇ ಜಾತಿ. ಡಬ್ಲ್ಯೂಸಿಎಜಿ ಅಂದರೆ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಎಂಬ ಅಂತರರಾಷ್ಟ್ರೀಯ ಕೂಟ ಹೊರತಂದಿರುವ ಆಕ್ಸೆಸಿಬಿಲಿಟಿ ನಿಯಮಗಳು. ಮೊದಲ ಆವೃತ್ತಿ 1999ರಲ್ಲಿ ಬಂತು, 2.2ನೇ ಆವೃತ್ತಿ 2023ರ ಅಕ್ಟೋಬರ್‌ನಲ್ಲಿ.

"ಇಷ್ಟೆಲ್ಲ ಯಾರಿಗೋಸ್ಕರ?" ಅಂತ ನಿಮ್ಮ ಮೇಲಿನವರು ಕೇಳಿದರೆ ಎರಡು ವಿಷಯ ಇಟ್ಟುಕೊಂಡಿರಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ ಗಣನೀಯ ಅಂಗವೈಕಲ್ಯ ಇದೆ. ಆರು ಜನರಲ್ಲಿ ಒಬ್ಬರು ಅಂದ ಹಾಗಾಯಿತು. ಇನ್ನೊಂದು, 2006ರಲ್ಲಿ ಅಂಗೀಕಾರವಾದ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆ. ಅಂಗವಿಕಲರಿಗೆ ಸಂಬಂಧಪಟ್ಟ ತೀರ್ಮಾನ ತೆಗೆದುಕೊಳ್ಳುವಾಗ ಅವರ ಸಂಘಟನೆಗಳ ಮೂಲಕ ಅವರನ್ನು ಕೇಳಬೇಕು, ಕೆಲಸದಲ್ಲಿ ಸೇರಿಸಿಕೊಳ್ಳಬೇಕು ಅಂತ ಅದರ 4ನೇ ವಿಧಿ ಸರ್ಕಾರಗಳಿಗೆ ಹೇಳುತ್ತದೆ. ನೀವು ಸರ್ಕಾರಿ ಸೇವೆ ಕಟ್ಟುತ್ತಿದ್ದರೆ ಇದು ಬರೀ ಒಳ್ಳೆಯತನದ ಮಾತಾಗಿ ಉಳಿಯುವುದಿಲ್ಲ.

ಹಂತ 1: ಯಾವಾಗ ಕರೆಯುತ್ತೀರಿ ಅಂತ ಮೊದಲು ಬರೆದಿಡಿ

ಕನಿಷ್ಠ ಮೂರು ಸಲ ಕರೆಯಿರಿ. ಒಂದು ಗೆರೆಯನ್ನೂ ಎಳೆಯುವ ಮುಂಚೆ ಒಂದು ಸಲ. ಆಗ ಕೇಳಬೇಕಾದ್ದು "ಈ ಕೆಲಸವನ್ನು ಈಗ ಹೇಗೆ ಮಾಡುತ್ತಿದ್ದೀರಿ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ" ಅಂತ. ಎರಡನೆಯದು ಮಾದರಿ ತಯಾರಾದಾಗ. ಮೂರನೆಯದು ಕೆಲಸ ಮಾಡುವ ಆವೃತ್ತಿ ಬಂದ ಮೇಲೆ, ಆದರೆ ಬಿಡುಗಡೆಗೆ ಇನ್ನೂ ವಾರಗಳು ಇರುವಾಗ.

ಸಮಯ, ದುಡ್ಡು ಎರಡೂ ಕಡಿಮೆ ಇದ್ದರೆ ಕೊನೆಯದನ್ನು ಚಿಕ್ಕದು ಮಾಡಿ. ಮೊದಲನೆಯದನ್ನು ಬಿಡಬೇಡಿ. ಎಲ್ಲರೂ ಮಾಡುವುದು ಇದರ ಉಲ್ಟಾ.

ಹಂತ 2: ಯಾರು ಬೇಕು?

ಕಾಯಿಲೆಯ ಹೆಸರು ಹಿಡಿದು ಹುಡುಕಬೇಡಿ. ಬಳಸುವ ರೀತಿ ಹಿಡಿದು ಹುಡುಕಿ. ಕೇಳಿಸಿಕೊಂಡು ಬಳಸುವವರು, ಹಿಗ್ಗಿಸಿ ನೋಡುವವರು, ಮೌಸ್ ಮುಟ್ಟದೆ ಕೀಬೋರ್ಡ್‌ನಲ್ಲೇ ಓಡಾಡುವವರು, ಮಾತಿನಲ್ಲಿ ಫೋನ್ ನಡೆಸುವವರು, ಒಂದೇ ಗುಂಡಿ ಒತ್ತಿ ಎಲ್ಲ ಆರಿಸುವವರು, ವಿಡಿಯೊದ ಮಾತನ್ನು ಓದಿಕೊಳ್ಳುವವರು, ಸನ್ನೆ ಭಾಷೆಯವರು, ಉದ್ದ ವಾಕ್ಯ ಬಂದರೆ ಎಳೆ ತಪ್ಪಿಸಿಕೊಳ್ಳುವವರು. ಹೀಗೆ ಪಟ್ಟಿ ಮಾಡಿದರೆ ನಿಮ್ಮ ಸೇವೆಗೆ ಯಾವ ಯಾವ ರೀತಿಯವರು ಬೇಕೇ ಬೇಕು ಅನ್ನುವುದು ತಾನಾಗಿ ಕಾಣುತ್ತದೆ. ವಿಡಿಯೊ ಕರೆಯಲ್ಲಿ ವೈದ್ಯರನ್ನು ಕಾಣುವ ಆ್ಯಪ್‌ಗೆ ಕಿವುಡರಿಲ್ಲದೆ ನಡೆಯುವುದಿಲ್ಲ, ಅಲ್ವಾ?

ಎಷ್ಟು ಜನ ಬೇಕು ಅಂತ ಎಲ್ಲರೂ ಕೇಳುತ್ತಾರೆ. "ಐದು ಜನ ಸಾಕು" ಅನ್ನುವ ಮಾತು ಈ ವೃತ್ತಿಯಲ್ಲಿ ತುಂಬ ಓಡಾಡುತ್ತದೆ. ಬಳಕೆ ಸುಲಭವಾಗಿದೆಯೇ ಅಂತ ಪರೀಕ್ಷಿಸುವುದರಲ್ಲಿ ಹೆಸರಾದ ಯಾಕೋಬ್ ನೀಲ್ಸನ್ 2000ರಲ್ಲಿ ಬರೆದ ಲೇಖನದಿಂದ ಅದು ಜನಪ್ರಿಯವಾಯಿತು. ಆದರೆ ಬಳಕೆದಾರರು ಒಬ್ಬರಿಗಿಂತ ಒಬ್ಬರು ತೀರಾ ಬೇರೆ ಇದ್ದರೆ ಇನ್ನಷ್ಟು ಜನ ಬೇಕು ಅಂತ ಅದೇ ಲೇಖನದಲ್ಲಿ ಅವರು ಹೇಳಿದ್ದಾರೆ. ಆ ಭಾಗವನ್ನು ಯಾರೂ ಓದಿದಂತಿಲ್ಲ! ನನ್ನ ಲೆಕ್ಕ ಸರಳ. ಪ್ರತಿ ಬಳಕೆಯ ರೀತಿಗೆ ಇಬ್ಬರು ಮೂವರು, ಎಲ್ಲರನ್ನೂ ಒಂದೇ ವಾರ ಕರೆಯದೆ ಸುತ್ತು ಸುತ್ತಾಗಿ. ಮೊದಲ ಸುತ್ತಿನ ತಪ್ಪು ತಿದ್ದಿದ ಮೇಲೆ ಎರಡನೇ ಸುತ್ತಿನವರು ಹೊಸ ತಪ್ಪು ತೋರಿಸುತ್ತಾರೆ.

ಇಲ್ಲಿ ಜನ ಎಡವುವ ಜಾಗಗಳು ಇವು.

ಸಿಗುವ ಒಬ್ಬರನ್ನೇ ಪದೇ ಪದೇ ಕರೆಯುವುದು. ಹತ್ತು ವರ್ಷದಿಂದ ಸ್ಕ್ರೀನ್ ರೀಡರ್ ಬಳಸುವ ಅಂಧ ಎಂಜಿನಿಯರ್ ಎಂಥ ಕೆಟ್ಟ ಪುಟವನ್ನೂ ಹೇಗೋ ದಾಟಿಬಿಡುತ್ತಾರೆ. ಮೂರು ತಿಂಗಳ ಹಿಂದೆ ದೃಷ್ಟಿ ಹೋಗಿ ಈಗಷ್ಟೇ ಕಲಿಯುತ್ತಿರುವವರು ಮೊದಲ ಪರದೆಯಲ್ಲೇ ನಿಲ್ಲುತ್ತಾರೆ. ಇಬ್ಬರೂ ಬೇಕು.

ಹಿರಿಯರನ್ನು "ನಿಮಗೆ ಅಂಗವೈಕಲ್ಯ ಇದೆಯಾ?" ಅಂತ ಕೇಳುವುದು. "ಇಲ್ಲಪ್ಪ, ವಯಸ್ಸಾಯಿತು ಅಷ್ಟೆ" ಅಂತಲೇ ಉತ್ತರ. ಕಣ್ಣು ಸ್ವಲ್ಪ ಮಂದ, ಕಿವಿ ಸ್ವಲ್ಪ ದೂರ, ಬೆರಳು ಸ್ವಲ್ಪ ನಡುಕ, ಎಲ್ಲ ಸ್ವಲ್ಪ ಸ್ವಲ್ಪವೇ. ಒಟ್ಟಿಗೆ ಸೇರಿದರೆ ಅದು ದೊಡ್ಡ ಅಡ್ಡಿ. ಹಾಗಾಗಿ ಹೀಗೆ ಕೇಳಿ: ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡಿದ್ದೀರಾ? ಫೋನಲ್ಲಿ ಮಾತಾಡುವಾಗ ಸ್ಪೀಕರ್ ಹಾಕಿಕೊಳ್ಳುತ್ತೀರಾ? ಹೊಸ ಆ್ಯಪ್ ಬೇಕಾದರೆ ಯಾರು ಹಾಕಿಕೊಡುತ್ತಾರೆ?

ಈಗ ಬಳಸುತ್ತಿರುವವರನ್ನು ಮಾತ್ರ ಕರೆಯುವುದು. ಪ್ರಯತ್ನಿಸಿ, ಸಾಕಾಗಿ, ಬಿಟ್ಟುಬಿಟ್ಟವರು ನಿಮ್ಮ ಬಳಕೆದಾರರ ಪಟ್ಟಿಯಲ್ಲಿ ಇರುವುದೇ ಇಲ್ಲ. ನಿಮಗೆ ಜಾಸ್ತಿ ಕಲಿಸುವವರು ಅವರೇ.

ಹಂತ 3: ಹುಡುಕಿ, ದುಡ್ಡು ಕೊಡಿ

ಅಂಗವಿಕಲರ ಸಂಘಟನೆಗಳು, ಹಿರಿಯರ ಕೂಟಗಳು, ಗ್ರಂಥಾಲಯಗಳು, ಪುನರ್ವಸತಿ ಕೇಂದ್ರಗಳು, ಇಲ್ಲಿಂದ ಶುರುಮಾಡಿ. ಆನ್‌ಲೈನ್ ಫಾರಂ ಒಂದನ್ನೇ ನೆಚ್ಚಿಕೊಂಡರೆ ಆನ್‌ಲೈನ್ ಫಾರಂ ತುಂಬಲು ಬರುವವರು ಮಾತ್ರ ಸಿಗುತ್ತಾರೆ. ಫೋನ್, ಮೆಸೇಜ್, ನೇರ ಭೇಟಿ ಮೂರಕ್ಕೂ ದಾರಿ ಇರಲಿ.

ಸಂಭಾವನೆ ಕೊಡಲೇಬೇಕು. ಬೇರೆ ಬಳಕೆದಾರರಿಗೆ ಎಷ್ಟು ಕೊಡುತ್ತೀರೋ ಇವರಿಗೂ ಅಷ್ಟೇ, ಜೊತೆಗೆ ಬಂದು ಹೋಗುವ ಖರ್ಚು. "ಅವರ ಒಳ್ಳೆಯದಕ್ಕೇ ಮಾಡುತ್ತಿದ್ದೇವಲ್ಲ" ಅನ್ನುವ ವಾದ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ನಿಮ್ಮ ಡಿಸೈನರ್ ಪುಕ್ಕಟೆ ಬರುತ್ತಾರಾ?

ಸನ್ನೆ ಭಾಷೆಯ ದುಭಾಷಿಗಳನ್ನು ಕೆಲವು ವಾರ ಮುಂಚೆಯೇ ಗೊತ್ತು ಮಾಡಿ. ಒಂದು ಗಂಟೆ ಮೀರುವ ಕೆಲಸಕ್ಕೆ ಸಾಮಾನ್ಯವಾಗಿ ಇಬ್ಬರು ಬೇಕು, 20-30 ನಿಮಿಷಕ್ಕೊಮ್ಮೆ ಒಬ್ಬರಾದ ಮೇಲೆ ಒಬ್ಬರು ಮಾಡುತ್ತಾರೆ. "ಬರೆದು ತೋರಿಸಿದರೆ ಆಯಿತಲ್ಲ" ಅನ್ನಬೇಡಿ. ಸನ್ನೆ ಭಾಷೆ ತನ್ನದೇ ವ್ಯಾಕರಣ ಇರುವ ಪೂರ್ತಿ ಭಾಷೆ. ಹುಟ್ಟಿನಿಂದ ಕಿವುಡರಾದ ಎಷ್ಟೋ ಜನರಿಗೆ ಬರಹದ ಭಾಷೆ ಎರಡನೇ ಭಾಷೆ.

ಹಂತ 4: ಅವರು ಬರುವ ಮುಂಚೆ ನಿಮ್ಮ ಪಾಲಿನ ಕೆಲಸ ಮುಗಿಸಿ

ಒಮ್ಮೆ ಒಂದು ತಂಡ ಸ್ಕ್ರೀನ್ ರೀಡರ್ ಬಳಸುವವರೊಬ್ಬರನ್ನು ಕರೆಸಿತ್ತು. ಆ್ಯಪ್ ತೆರೆದ ಕೂಡಲೇ ಫೋನ್ ಹೇಳಿತು: "ಬಟನ್. ಬಟನ್. ಬಟನ್. ಹೆಸರಿಲ್ಲದ ಚಿತ್ರ. ಬಟನ್." ಅವರು ನಕ್ಕು "ಯಾವುದನ್ನು ಒತ್ತಲಿ?" ಅಂದರು. ಒಂದು ಗಂಟೆಯ ಭೇಟಿ ಅಲ್ಲಿಗೇ ಮುಗಿಯಿತು. ಬಟನ್‌ಗಳಿಗೆ ಹೆಸರಿಲ್ಲ ಅನ್ನುವುದನ್ನು ಯಾವ ಸ್ವಯಂಚಾಲಿತ ಪರೀಕ್ಷೆಯೂ ಎರಡು ನಿಮಿಷದಲ್ಲಿ ಹೇಳುತ್ತಿತ್ತು.

ಆದ್ದರಿಂದ ಮೊದಲು ಇವಿಷ್ಟನ್ನು ನೀವೇ ನೋಡಿ:

• ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್, ಎಂಟರ್ ಕೀಗಳಲ್ಲಿ ಕೊನೆಯವರೆಗೆ ಹೋಗಲು ಬರುತ್ತದಾ? ಈಗ ಎಲ್ಲಿದ್ದೀರಿ ಅಂತ ಪರದೆಯಲ್ಲಿ ಕಾಣುತ್ತದಾ?
• ಅಕ್ಷರವನ್ನು 200 ಶೇಕಡಾಕ್ಕೆ, ಅಂದರೆ ಎರಡು ಪಟ್ಟು ಹಿಗ್ಗಿಸಿದಾಗ ಏನಾದರೂ ಕತ್ತರಿಸಿ ಹೋಗುತ್ತದಾ?
• ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ 4.5:1 ಇದೆಯಾ? ದೊಡ್ಡ ಅಕ್ಷರಕ್ಕಾದರೆ 3:1 ಸಾಕು. ತಿಳಿ ಬೂದು ಅಕ್ಷರಗಳು ಇಲ್ಲೇ ಸೋಲುವುದು.
• ಒತ್ತುವ ಜಾಗಗಳು 24 ಪಿಕ್ಸೆಲ್‌ಗಿಂತ ಚಿಕ್ಕದಿವೆಯಾ? ಇದು ಡಬ್ಲ್ಯೂಸಿಎಜಿ 2.2ನೇ ಆವೃತ್ತಿಯ ಎಎ ಮಟ್ಟದ (ಮೂರು ಮಟ್ಟಗಳಲ್ಲಿ ನಡುವಿನದು) ನಿಯಮ. ಹಿರಿಯರಿಗಾದರೆ ನಾನು 44ಕ್ಕೆ ಕಡಿಮೆ ಮಾಡುವುದಿಲ್ಲ.
• ಪುಟದ ಕೋಡ್‌ನಲ್ಲಿ ಭಾಷೆ ಯಾವುದು ಅಂತ ಬರೆದಿದೆಯಾ? ಕನ್ನಡ ಪುಟಕ್ಕೆ ಇಂಗ್ಲಿಷ್ ಅಂತ ಬರೆದಿದ್ದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲಿ ಕನ್ನಡ ಓದಲು ಹೊರಟು ಎಡವಟ್ಟು ಮಾಡಬಹುದು.

ಇನ್ನು ಮಾದರಿಗಳ ವಿಷಯ. ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಮಾಡಿದ, ಚಿತ್ರಗಳನ್ನು ಒಂದಕ್ಕೊಂದು ಜೋಡಿಸಿದ ಮಾದರಿ ಕಣ್ಣಿಗೆ ಆ್ಯಪ್ ತರಹವೇ ಕಾಣುತ್ತದೆ. ಸ್ಕ್ರೀನ್ ರೀಡರ್‌ಗೆ ಹೆಚ್ಚಿನ ಸಲ ಅದು ಬರೀ ಖಾಲಿ ಗೋಡೆ. ಅಂಧರ ಜೊತೆ ಕೂರುವುದಿದ್ದರೆ ಬಣ್ಣ ಬೆಡಗು ಇಲ್ಲದ ಸಾದಾ ಎಚ್‌ಟಿಎಂಎಲ್ ಪುಟ ಮಾಡಿ. ಅದಕ್ಕೂ ಸಮಯವಿಲ್ಲದಿದ್ದರೆ ನಿಮ್ಮಲ್ಲೊಬ್ಬರು ಸ್ಕ್ರೀನ್ ರೀಡರ್ ಪಾತ್ರ ಹಾಕಲಿ. ಬಂದವರು "ಮುಂದೆ" ಅಂದರೆ ಪಾತ್ರ ಹಾಕಿದವರು ಮುಂದಿನ ಬಟನ್‌ನ ಹೆಸರು ಓದುವುದು, "ಒತ್ತು" ಅಂದರೆ ಮುಂದಿನ ಪುಟಕ್ಕೆ ಹೋಗುವುದು. ಕೇಳಲು ಮಕ್ಕಳಾಟದ ಹಾಗಿದೆ, ಆದರೆ ಪುಟದ ಕ್ರಮ ತಪ್ಪಿದ್ದರೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನೋಡಿದರೆ ಸಾಲದಾ? ಸಾಲದು. ಹತ್ತು ನಿಮಿಷ ಕಣ್ಣು ಕಟ್ಟಿಕೊಂಡರೆ ನಿಮಗೆ ತಿಳಿಯುವುದು ಕತ್ತಲೆಯ ಗಾಬರಿ. ವರ್ಷಗಟ್ಟಲೆ ಹಾಗೆ ಬದುಕಿದವರ ಚಾಕಚಕ್ಯತೆ ಅದರಲ್ಲಿ ಇರುವುದಿಲ್ಲ.

ಹಂತ 5: ಕೂರುವ ಜಾಗ, ಕಾಗದ ಪತ್ರ

ಇದನ್ನು ಬೇಗ ಮುಗಿಸುತ್ತೇನೆ. ಕರೆಯುವಾಗಲೇ "ನಿಮಗೆ ಏನೇನು ವ್ಯವಸ್ಥೆ ಬೇಕು?" ಅಂತ ಕೇಳಿ, ಊಹಿಸಬೇಡಿ. ಆದಷ್ಟೂ ಅವರ ಸ್ವಂತ ಫೋನ್, ಅವರ ಸ್ವಂತ ಸೆಟ್ಟಿಂಗ್ ಇರಲಿ. ಒಂದರಿಂದ ಒಂದೂವರೆ ಗಂಟೆ, ನಡುವೆ ವಿರಾಮ. ವಿಡಿಯೊ ಕರೆಯಲ್ಲಿ ಮಾಡುವುದಿದ್ದರೆ ಪರದೆಯ ಜೊತೆ ಅವರ ಕಂಪ್ಯೂಟರ್‌ನ ಧ್ವನಿಯೂ ನಿಮಗೆ ಕೇಳುವ ಹಾಗೆ ಇದೆಯಾ ಅಂತ ಹಿಂದಿನ ದಿನವೇ ನೋಡಿ.

ಒಪ್ಪಿಗೆ ಪತ್ರವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಕಳಿಸಬೇಡಿ. ಸ್ಕ್ರೀನ್ ರೀಡರ್ ಮಟ್ಟಿಗೆ ಅದು ಅಕ್ಷರವೇ ಇಲ್ಲದ ಚಿತ್ರ. ಸಾದಾ ಪಠ್ಯದಲ್ಲಿ, ಚಿಕ್ಕ ವಾಕ್ಯಗಳಲ್ಲಿ ಬರೆಯಿರಿ: ಏನು ರೆಕಾರ್ಡ್ ಮಾಡುತ್ತೀರಿ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ. ಗ್ರಹಿಕೆಯಲ್ಲಿ ತೊಂದರೆ ಇರುವವರಿಗೆ ಓದಿ ಹೇಳಿ, "ನಾನು ಹೇಳಿದ್ದನ್ನು ನಿಮ್ಮ ಮಾತಲ್ಲಿ ಹೇಳ್ತೀರಾ?" ಅಂತ ಕೇಳಿ. ನಡುವೆ ಯಾವಾಗ ಬೇಕಾದರೂ ಎದ್ದು ಹೋಗಬಹುದು, ಸಂಭಾವನೆ ಕಡಿತವಾಗುವುದಿಲ್ಲ ಅಂತ ಸ್ಪಷ್ಟವಾಗಿ ತಿಳಿಸಿ.

ಬ್ಯಾಂಕ್ ವಿವರ, ಪಾಸ್‌ವರ್ಡ್ ಯಾರದ್ದೂ ಬೇಡ. ಪರೀಕ್ಷೆಗೆಂದೇ ಸುಳ್ಳು ಹೆಸರಿನ ಖಾತೆ ಮಾಡಿಕೊಡಿ. ಮೋಸದ ಕರೆಗಳ ಭಯದಲ್ಲಿರುವ ಹಿರಿಯರು ಅಷ್ಟಕ್ಕೇ ನಿರಾಳವಾಗುತ್ತಾರೆ.

ಹಂತ 6: ಎದುರು ಕೂತಾಗ

ನಿಜವಾದ ಕಷ್ಟ ಇಲ್ಲಿದೆ. ಕಷ್ಟ ಅವರಿಗಲ್ಲ, ನಿಮಗೆ.

ಎಪ್ಪತ್ತು ದಾಟಿದ ಒಬ್ಬ ಅಮ್ಮ ಐಕಾನ್ ಮೇಲೆ ಬೆರಳು ಇಟ್ಟರು. ನಿಧಾನವಾಗಿ, ಸರಿಯಾಗಿ ಒತ್ತಬೇಕು ಅಂತ ಗಟ್ಟಿಯಾಗಿಯೇ ಇಟ್ಟರು. ಫೋನ್ ಅದನ್ನು ಒತ್ತಿ ಹಿಡಿದಿದ್ದು ಅಂತ ತಿಳಿದು ಬೇರೆಯೇ ಮೆನು ತೆರೆಯಿತು. ಅವರು ಗಾಬರಿಯಾಗಿ ಬೆರಳು ತೆಗೆದರು, ಮತ್ತೆ ಇಟ್ಟರು, ಈ ಸಲ ಇನ್ನೂ ಗಟ್ಟಿಯಾಗಿ. ಮತ್ತೆ ಅದೇ ಮೆನು. "ನನಗೆ ಇದೆಲ್ಲ ಬರಲ್ಲಪ್ಪ, ತಲೆಗೇ ಹೋಗಲ್ಲ" ಅಂದರು. ಪಕ್ಕದಲ್ಲಿದ್ದ ಡಿಸೈನರ್ ಕೈ ಆಗಲೇ ಫೋನಿನ ಕಡೆ ಹೊರಟಿತ್ತು.

ಆ ಕೈಯನ್ನು ಹಿಡಿದುಕೊಳ್ಳಬೇಕು. ನೀವು ಒತ್ತಿಕೊಟ್ಟರೆ ಪುಟವೇನೋ ತೆರೆಯುತ್ತದೆ, ಆದರೆ ನೋಡಲು ಬಂದಿದ್ದನ್ನು ನೀವೇ ಅಳಿಸಿದ ಹಾಗೆ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಆಮೇಲೆ "ಈಗ ಏನಾಗಬಹುದು ಅಂದುಕೊಂಡಿದ್ರಿ?" ಅಂತ ಕೇಳಿ. ತಪ್ಪು ಆ್ಯಪ್‌ನದ್ದು, ಅವರದ್ದಲ್ಲ ಅನ್ನುವುದನ್ನು ಮೊದಲೇ ಹೇಳಿರಿ, ನಡುವೆ ಮತ್ತೊಮ್ಮೆ ಹೇಳಿ. ಹಿರಿಯರು ತಮ್ಮನ್ನೇ ಬೈದುಕೊಳ್ಳುವುದು ಬೇಗ. ಹಾಗೆ ಬೈದುಕೊಂಡ ಜಾಗವನ್ನು ಗುರುತು ಹಾಕಿಕೊಳ್ಳಿ, ಡಿಸೈನ್ ತಪ್ಪಿರುವುದು ಅಲ್ಲೇ.

"ಚೆನ್ನಾಗಿದೆ, ಎಲ್ಲ ಚೆನ್ನಾಗಿದೆ" ಅನ್ನುವ ಮಾತನ್ನೂ ನಂಬಬೇಡಿ. ಎದುರಿಗೆ ಕೂತವರ ಮನಸ್ಸು ನೋಯಿಸಬಾರದು ಅನ್ನುವ ಸೌಜನ್ಯ ಅದು. ಬಾಯಿ ಹೇಳಿದ್ದಕ್ಕಿಂತ ಬೆರಳು ಮಾಡಿದ್ದನ್ನು ಬರೆದುಕೊಳ್ಳಿ.

"ಮನಸ್ಸಿಗೆ ಬಂದಿದ್ದನ್ನು ಹೇಳುತ್ತಾ ಹೋಗಿ" ಅನ್ನುವುದು ಇಂಥ ಪರೀಕ್ಷೆಗಳ ಹಳೆಯ ರೂಢಿ. ಇಲ್ಲಿ ಅದು ಎಲ್ಲರಿಗೂ ಹೊಂದುವುದಿಲ್ಲ. ಸ್ಕ್ರೀನ್ ರೀಡರ್ ಮಾತಾಡುತ್ತಿರುವಾಗ ಅದನ್ನು ಕೇಳಿಸಿಕೊಳ್ಳುತ್ತಾ ನಿಮ್ಮ ಜೊತೆಯೂ ಮಾತಾಡುವುದು ಹೇಗೆ? ಸನ್ನೆ ಭಾಷೆಯವರಿಗೆ ಕೈಯೇ ಮಾತು, ಅದೇ ಕೈಯಲ್ಲಿ ಫೋನ್ ಇದೆ. ಒಂದು ಕೆಲಸ ಮುಗಿಯುವವರೆಗೆ ಸುಮ್ಮನಿರಿ. ಮುಗಿದ ಮೇಲೆ "ಅಲ್ಲಿ ನಿಂತಿರಲ್ಲ, ಆಗ ಏನಾಯಿತು?" ಅಂತ ಹಿಂದಕ್ಕೆ ಹೋಗಿ ಕೇಳಿ.

ಪಳಗಿದವರು ಸ್ಕ್ರೀನ್ ರೀಡರ್ ಅನ್ನು ಎಷ್ಟು ವೇಗದಲ್ಲಿ ಇಟ್ಟುಕೊಂಡಿರುತ್ತಾರೆ ಅಂದರೆ ನಿಮಗೆ ಒಂದು ಪದವೂ ತಿಳಿಯುವುದಿಲ್ಲ. ನಿಮಗೋಸ್ಕರ ನಿಧಾನ ಮಾಡಿ ಅಂತ ಒತ್ತಾಯಿಸಬೇಡಿ, ಅವರ ಲಯ ತಪ್ಪುತ್ತದೆ. ಎನ್‌ವಿಡಿಎಯಲ್ಲಿ ಸ್ಪೀಚ್ ವ್ಯೂವರ್ ಅಂತ ಒಂದು ಕಿಟಕಿ ಇದೆ. ಅದು ಹೇಳಿದ್ದೆಲ್ಲ ಅಲ್ಲಿ ಅಕ್ಷರದಲ್ಲಿ ಬೀಳುತ್ತದೆ. ಅದನ್ನು ತೆರೆಯಲು ಅವರನ್ನೇ ಕೇಳಿ.

ದುಭಾಷಿ ಇದ್ದಾಗ ಕಿವುಡರನ್ನು ನೋಡಿ ಮಾತಾಡಿ. "ಅವರಿಗೆ ಹೇಳಿ" ಅನ್ನಬೇಡಿ, "ನಿಮಗೆ ಹೇಗನಿಸಿತು?" ಅನ್ನಿ. ಮಗನೋ ಮೊಮ್ಮಗಳೋ ಜೊತೆಗೆ ಬಂದಿದ್ದರೆ ಉತ್ತರಗಳು ಅವರಿಂದಲೇ ಬರಲು ಶುರುವಾಗುತ್ತವೆ. ಅವರಿಗೆ ಸ್ವಲ್ಪ ಹಿಂದೆ ಕುರ್ಚಿ ಹಾಕಿ. ಆದರೆ ಹೊರಗೆ ಕಳಿಸಬೇಕೋ ಬೇಡವೋ ಅನ್ನುವುದನ್ನು ಬಂದ ಹಿರಿಯರೇ ಹೇಳಲಿ.

ಒಟಿಪಿ ಬರುವ ಪುಟವನ್ನು ಪೂರ್ತಿ ನೋಡಿ. ದಯವಿಟ್ಟು "ಇದು ಆಯಿತು ಅಂದುಕೊಳ್ಳೋಣ" ಅಂತ ಹಾರಿಸಬೇಡಿ. ಸಂಖ್ಯೆ ಮೆಸೇಜ್‌ನಲ್ಲಿ ಬರುತ್ತದೆ, ಅವರು ಆ್ಯಪ್‌ನಿಂದ ಹೊರಗೆ ಹೋಗುತ್ತಾರೆ, ಮೆಸೇಜ್ ಕೇಳಿಸಿಕೊಳ್ಳುತ್ತಾರೆ, ಸಂಖ್ಯೆ ನೆನಪಿಟ್ಟುಕೊಂಡು ವಾಪಸ್ ಬರುತ್ತಾರೆ. ಅಷ್ಟರಲ್ಲಿ ಪುಟ ಮೊದಲಿನಿಂದ ಶುರುವಾಗಿರುತ್ತದೆ, ಇಲ್ಲವೇ ಸಮಯ ಮುಗಿದಿರುತ್ತದೆ. ಲಾಗಿನ್ ಆಗಲು ನೆನಪಿನ ಪರೀಕ್ಷೆಯೊಂದೇ ದಾರಿ ಆಗಬಾರದು, ನಕಲು ಮಾಡಿ ಅಂಟಿಸುವಂಥ ಸಹಾಯ ಇರಬೇಕು ಅಂತ ಡಬ್ಲ್ಯೂಸಿಎಜಿಯ 2.2ನೇ ಆವೃತ್ತಿ ಕೇಳುವುದು ಇದಕ್ಕೇ.

ಹಂತ 7: ಕಂಡದ್ದನ್ನು ವಿಂಗಡಿಸಿ

ಅದೇ ದಿನ, ನೆನಪು ಹಸಿ ಇರುವಾಗಲೇ ಕೂತುಕೊಳ್ಳಿ. ಪ್ರತಿ ತೊಂದರೆಗೂ ಎರಡು ಪ್ರಶ್ನೆ. ಕೆಲಸ ನಿಂತೇಹೋಯಿತಾ, ಬೇರೆಯವರ ಸಹಾಯದಿಂದ ಆಯಿತಾ, ಕಷ್ಟಪಟ್ಟು ತಾವೇ ಮಾಡಿದರಾ? ಇದರ ಮೂಲ ಎಲ್ಲಿ: ನಮ್ಮ ಕೋಡ್‌ನಲ್ಲಾ, ನಮ್ಮ ಬರವಣಿಗೆಯಲ್ಲಾ, ಸ್ಕ್ರೀನ್ ರೀಡರ್‌ನ ದೋಷವಾ, ಅವರಿಗೆ ಆ ಸಾಧನ ಇನ್ನೂ ಹೊಸದಾ? ಕೊನೆಯ ಎರಡನ್ನು ನೆಪ ಮಾಡಿಕೊಂಡು ಕೈತೊಳೆದುಕೊಳ್ಳುವ ತಂಡಗಳನ್ನು ನೋಡಿದ್ದೇನೆ. ಹೊಸಬರೂ ನಿಮ್ಮ ಬಳಕೆದಾರರೇ.

ಒಬ್ಬರ ಮಾತು ಎಲ್ಲರ ಮಾತಲ್ಲ. ಒಬ್ಬ ಅಂಧ ವ್ಯಕ್ತಿ "ನನಗೆ ಇದು ಸರಿ ಇದೆ" ಅಂದರೆ ಅಂಧರೆಲ್ಲರೂ ಒಪ್ಪಿದರು ಅಂತಲ್ಲ. ಅವರು ಒಪ್ಪಿದರೂ ನಿಯಮಗಳ ಪಟ್ಟಿಯನ್ನು ಬೇರೆಯಾಗಿ ಪರಿಶೀಲಿಸಲೇಬೇಕು. ಜನರು ಬಳಸಿ ನೋಡುವುದು ಒಂದು ಕೆಲಸ, ನಿಯಮ ಪರಿಶೀಲನೆ ಇನ್ನೊಂದು.

ಬೇಡಿಕೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದೂ ಉಂಟು. ಮಂದ ದೃಷ್ಟಿಯ ಒಬ್ಬರಿಗೆ ಕಪ್ಪು ಹಿನ್ನೆಲೆ ಇಲ್ಲದೆ ಆಗುವುದಿಲ್ಲ, ಇನ್ನೊಬ್ಬರಿಗೆ ಕಪ್ಪು ಹಿನ್ನೆಲೆಯಲ್ಲಿ ಅಕ್ಷರ ಹರಡಿದ ಹಾಗೆ ಕಾಣುತ್ತದೆ. ಮತ ಎಣಿಸಬೇಡಿ. ಫೋನಿನಲ್ಲಿ ಅವರು ಮಾಡಿಟ್ಟುಕೊಂಡ ಸೆಟ್ಟಿಂಗ್ ಅನ್ನು ನಿಮ್ಮ ಆ್ಯಪ್ ಗೌರವಿಸಿದರೆ ಇಂಥ ಜಗಳಗಳಲ್ಲಿ ಬಹಳಷ್ಟು ಮುಗಿಯುತ್ತವೆ. ಉಳಿದದ್ದನ್ನು ಅವರಿಬ್ಬರನ್ನೂ ಕೂರಿಸಿಕೊಂಡೇ ಬಗೆಹರಿಸಿ. ದಾರಿ ತೋರಿಸುವವರು ಅವರೇ.

ಹಂತ 8: ತಿರುಗಿ ಹೇಳಿ, ಬಾಗಿಲು ತೆರೆದಿಡಿ

ಬಂದವರಿಗೆ ಒಂದು ತಿಂಗಳೊಳಗೆ ಚಿಕ್ಕ ಪತ್ರ ಬರೆಯಿರಿ. ನೀವು ಹೇಳಿದ್ದರಲ್ಲಿ ಇದನ್ನು ಸರಿಪಡಿಸಿದೆವು, ಇದನ್ನು ಮಾಡಲಾಗಲಿಲ್ಲ, ಕಾರಣ ಇದು. ಮಾಡಲಾಗದ್ದನ್ನೂ ಹೇಳಿ. ಈ ಪತ್ರ ಯಾರೂ ಕಳಿಸುವುದಿಲ್ಲ. ಎರಡನೇ ಸಲ ಕರೆದಾಗ ಜನ ಬರದಿರುವುದಕ್ಕೆ ನನಗೆ ಕಂಡ ಮುಖ್ಯ ಕಾರಣ ಇದೇ.

ಬಿಡುಗಡೆಯಾದ ಮೇಲೆ ದೂರು ಕೊಡುವ ದಾರಿಯನ್ನೂ ಅವರಿಂದಲೇ ಪರೀಕ್ಷೆ ಮಾಡಿಸಿ. ಸಹಾಯವಾಣಿಯ ಫೋನ್ ನಂಬರ್ ಮಾತ್ರ ಕೊಟ್ಟಿದ್ದರೆ ಕಿವುಡರು ಎಲ್ಲಿಗೆ ಹೋಗಬೇಕು? "ಟ್ರಾಫಿಕ್ ಸಿಗ್ನಲ್ ಇರುವ ಚಿತ್ರಗಳನ್ನು ಆರಿಸಿ" ಅನ್ನುವ ಒಗಟು ದಾಟಿದ ಮೇಲೆಯೇ ದೂರಿನ ಪುಟ ತೆರೆಯುತ್ತದೆ ಅಂತಾದರೆ, ಕಣ್ಣು ಕಾಣದವರಿಂದ ನಿಮಗೆ ಒಂದೂ ದೂರು ಬರುವುದಿಲ್ಲ. ಆಗ ತಿಂಗಳ ವರದಿಯಲ್ಲಿ ಯಾರೋ "ಆಕ್ಸೆಸಿಬಿಲಿಟಿ ದೂರುಗಳು: ಸೊನ್ನೆ" ಅಂತ ಖುಷಿಯಿಂದ ಬರೆಯುತ್ತಾರೆ.